ಹೋಗುವವರು, ಉಳಿಯುವವರು ಮತ್ತು ನಾನು

ನನ್ನ ಹೆಂಡತಿಗೆ ಹಾಕಿ ಆಟದ ಗಂಧಗಾಳಿ ಇಲ್ಲ. ಒಂದು ತಂಡದಲ್ಲಿ ಎಷ್ಟು ಜನ ಆಡುತ್ತಾರೆ ಎಂದು ಕೇಳಿದರೆ, "ಹತ್ತು ನೀಲಿ ಅಂಗಿ, ಒಂದು ಹಳದಿ" ಎನ್ನುತ್ತಾಳೆ. ಅವಳು ದರ್ಜಿ. ನಮ್ಮೂರ ತಂಡದ ಅಷ್ಟೂ ಅಂಗಿ ಹೊಲಿಯುವುದು, ಬೆನ್ನಿಗೆ ಹೆಸರು ಕೂರಿಸುವುದು ಅವಳೇ. ನಾನೋ, ಕನ್ನಡಕದ ಅಂಗಡಿಯವನು. ಊರಿನ ಅರ್ಧ ಜನರ ದೃಷ್ಟಿದೋಷ ನಿವಾರಿಸಿದ ಈ ಮಹಾಪುರುಷನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆ ಅಂದರೆ, ನಾನು ಬಾಯಿ ತೆರೆದ ತಕ್ಷಣ ಅವಳು ಹೊಲಿಗೆ ಯಂತ್ರ ತುಳಿಯಲು ಶುರು ಮಾಡುತ್ತಾಳೆ.

"ಹಾಕಿ, ಹಾಕಿ ಅಂತ ಬಡ್ಕೊಳ್ತೀರಲ್ಲ, ಮೊದ್ಲು ಆ ಒದ್ದೆ ಬಟ್ಟೆ ಹಗ್ಗಕ್ಕೆ ಹಾಕಿ!"

ಇದು ನಮ್ಮ ದಾಂಪತ್ಯದಲ್ಲಿ ಹಾಕಿಯ ಬಗ್ಗೆ ನಡೆಯುವ ಚರ್ಚೆಯ ಪೂರ್ಣಪಾಠ.

ಪಂದ್ಯಗಳು ನಡೆಯುವಾಗ ಅಭಿಮಾನಿಗೆ ಅಂಥ ಕೆಲಸವೇನೂ ಇರುವುದಿಲ್ಲ. ಕೂಗಬೇಕು, ಗಂಟಲು ಕಟ್ಟಿಸಿಕೊಳ್ಳಬೇಕು, ಅಷ್ಟೆ. ನಿಜವಾದ ಕೆಲಸ ಶುರುವಾಗುವುದು ಪಂದ್ಯಗಳೆಲ್ಲ ಮುಗಿದು ರಜೆ ಬಿದ್ದಾಗ. ಆಗ ಕ್ಲಬ್ಬಿನವರು ಬಾಗಿಲು ಹಾಕಿಕೊಂಡು ಯಾರನ್ನು ಬಿಡುವುದು, ಯಾರನ್ನು ಇಟ್ಟುಕೊಳ್ಳುವುದು, ಹೊರಗಿನಿಂದ ಯಾರನ್ನು ತರುವುದು ಎಂದು ಗುಸುಗುಸು ನಡೆಸುತ್ತಾರೆ. ಅವರಿಗೆ ಅದೆಲ್ಲ ತಿಳಿಯುವುದಿಲ್ಲ ಪಾಪ. ತಿಳಿದವರು ನಾವು. ನಾವು ಎಂದರೆ ಅಭಿಮಾನಿಗಳ ಸಂಘ: ಕ್ಷೌರದಂಗಡಿಯವರು, ಅಂಚೆಯವರು, ಬೇಕರಿಯವರು, ನಿವೃತ್ತ ಭೂಗೋಳದ ಮೇಷ್ಟ್ರು ಮತ್ತು ಅಧ್ಯಕ್ಷನಾದ ನಾನು. (ಅಧ್ಯಕ್ಷನನ್ನಾಗಿ ನನ್ನನ್ನು ಸೂಚಿಸಿದ್ದೂ ನಾನೇ, ಅನುಮೋದಿಸಿದ್ದೂ ನಾನೇ. ವಿರೋಧಿಸಬೇಕಾದವರ ಮುಖದ ತುಂಬ ಆಗ ಸೋಪಿನ ನೊರೆ ಇತ್ತು.)

ಕಳೆದ ಸಲ ನಮ್ಮ ತಂಡ ಎಂಟರಲ್ಲಿ ಏಳನೆಯದಾಗಿತ್ತು. ಎಂಟನೆಯ ತಂಡದ ಬಸ್ಸು ಕೆಟ್ಟು ಅವರು ಎರಡು ಪಂದ್ಯಕ್ಕೆ ಬಂದೇ ಇರಲಿಲ್ಲ. ಇದಕ್ಕೆಲ್ಲ ಮೂಲ ನಮ್ಮ ಗೋಲ್‌ಕೀಪರ್. ಅವನಿಗೆ ನಾವಿಟ್ಟ ಹೆಸರು ಜರಡಿ. ಚೆಂಡು ಅಷ್ಟೇ ಅಲ್ಲ, ಗಾಳಿ, ಧೂಳು, ಒಮ್ಮೆ ಒಂದು ನಾಯಿ ಸಹ ಅವನನ್ನು ದಾಟಿ ಗೋಲಿನೊಳಗೆ ಹೋಗಿತ್ತು. ಇನ್ನು ತಂಡದ ಮಾನ ಉಳಿಸಿದವನು ಎಡಗಡೆಯ ಮುಂಪಡೆ ಆಟಗಾರ ಮಿಂಚು. ಅವನು ಚೆಂಡು ಹಿಡಿದು ಓಡಿದರೆ ಎದುರಾಳಿಗಳಿಗೆ ಕಾಣುತ್ತಿದ್ದದ್ದು ಅಂಗಿಯ ಬೆನ್ನಿನ ಆ ಎರಡಕ್ಷರ ಮಾತ್ರ. ಆದ್ದರಿಂದ ಸಂಘದ ನಿರ್ಣಯ ಸರಳವಾಗಿತ್ತು: ಜರಡಿ ಹೋಗಬೇಕು, ಮಿಂಚು ಉಳಿಯಬೇಕು.

ಒಂದು ಬೆಳಿಗ್ಗೆ ತಂಡದ ಮ್ಯಾನೇಜರ್ ನಮ್ಮ ಮನೆಗೇ ಬಂದರು. ನಾನು ಒಳಕೋಣೆಯಲ್ಲಿ ಜೊತೆಯ ಇನ್ನೊಂದು ಕಾಲುಚೀಲವನ್ನು ಹುಡುಕುತ್ತಿದ್ದೆ. ಅವರ ದನಿ ಕೇಳಿದ್ದೇ ತಡ, ಕಾಲುಚೀಲ ಬಿಟ್ಟು ಬಾಗಿಲಿಗೆ ಕಿವಿ ಕೊಟ್ಟೆ.

"ಅಕ್ಕಾ, ಈ ಏಳನೇ ನಂಬರಿನ ವಿಷಯ ಮಾತ್ರ ಹೊರಗೆ ಹೋಗ್ಬಾರ್ದು. ನಿಮ್ಮ ಯಜಮಾನ್ರಿಗಂತೂ ಗೊತ್ತಾಗ್ಲೇಬಾರ್ದು."

"ಅವ್ರಿಗಾ? ನಮ್ಮನೇಲಿ ಸಕ್ಕರೆ ಎಲ್ಲಿದೆ ಅಂತ್ಲೇ ಅವ್ರಿಗೆ ಗೊತ್ತಿಲ್ಲ, ನೀವು ನಿಶ್ಚಿಂತೆಯಾಗಿರಿ" ಎಂದಳು ಇವಳು.

ಏಳನೇ ನಂಬರ್! ಅಂದರೆ ಮಿಂಚು! ಊಟಕ್ಕೆ ಕೂತಾಗ ಮೆತ್ತಗೆ ಕೆದಕಿದೆ.

"ಏನಂತೆ ಮ್ಯಾನೇಜರ್ರು?"

"ಹೊಲಿಗೆ ಕೆಲಸ."

"ಹೊಲಿಯೋದೋ, ಬಿಚ್ಚೋದೋ?"

"ಅನ್ನ ಬಿಚ್ಚಿ ತಿನ್ನಿ, ಮುದ್ದೆಯಾಗಿದೆ."

"ಗಂಡ ಹೆಂಡ್ತಿ ಮಧ್ಯೆ ಗುಟ್ಟು ಇರ್ಬಾರ್ದು ಕಣೇ."

"ಹೌದಾ? ಹಾಗಾದ್ರೆ ನನ್ನ ಒಳ್ಳೇ ಕತ್ತರಿ ತಗೊಂಡು ತಗಡು ಕತ್ತರಿಸಿದ್ದು ಯಾರು, ಹೇಳಿ."

ನಾನು ಅನ್ನವನ್ನು ಬಿಡಿಸಿಕೊಂಡು ತಿಂದೆ.

ನಾಲ್ಕನೆಯ ದಿನ ಅವಳು ನೂಲು ತರಲು ಪೇಟೆಗೆ ಹೋದಳು. ಅಲಮಾರಿಗೆ ಬೀಗ ಹಾಕುವುದನ್ನು ಮರೆತಿದ್ದಳು. (ನಾನು ತೆರೆಯಲಿಲ್ಲ. ಅದು ಅರ್ಧ ತೆರೆದೇ ಇತ್ತು. ಉಳಿದರ್ಧವನ್ನು ಮಾತ್ರ ನಾನು ತೆರೆದೆ.) ಮೇಲೆಯೇ ಮಡಿಸಿಟ್ಟಿತ್ತು ಏಳನೇ ನಂಬರಿನ ಅಂಗಿ. ಎರಡೂ ಪಕ್ಕದ ಹೊಲಿಗೆ ಬಿಚ್ಚಿತ್ತು. ಬೆನ್ನಿನ ಮೇಲೆ 'ಮಿಂ' ಒಂದೇ ಉಳಿದಿತ್ತು. 'ಚು' ಇಲ್ಲ! ಇದ್ದ ಜಾಗದಲ್ಲಿ ದಾರದ ಎಳೆಗಳು ಅನಾಥವಾಗಿ ನೇತಾಡುತ್ತಿದ್ದವು. ಅಂಗಿಯನ್ನು ಎದೆಗೊತ್ತಿಕೊಂಡು ಎರಡು ನಿಮಿಷ ಮೌನವಾಗಿ ನಿಂತೆ. ಆಮೇಲೆ ಚಪ್ಪಲಿ ಮೆಟ್ಟಿ ಕ್ಷೌರದಂಗಡಿಗೆ ಓಡಿದೆ.

"ಮಿಂಚನ್ನ ಬಿಡ್ತಿದ್ದಾರೆ!" ಎಂದೆ.

ಕ್ಷೌರದಂಗಡಿಯವರ ಕೈಯಲ್ಲಿದ್ದ ಕತ್ತಿ ನಿಂತಿತು. ಅದರ ಕೆಳಗಿದ್ದದ್ದು ಭೂಗೋಳದ ಮೇಷ್ಟ್ರ ಕುತ್ತಿಗೆ. "ಯಾರು ಹೇಳಿದ್ರು?" ಎಂದು ಮೇಷ್ಟ್ರು ತುಟಿ ಅಲುಗಿಸದೆ ಕೇಳಿದರು.

"ಯಾರೂ ಹೇಳ್ಬೇಕಾಗಿಲ್ಲ. ಕಣ್ಣಾರೆ ಕಂಡಿದ್ದೀನಿ. ಕನ್ನಡಕದವನ ಕಣ್ಣು ಸ್ವಾಮೀ ಇದು!"

ಅಷ್ಟು ಸಾಕಾಯಿತು. ಮರುದಿನ ಸಂಜೆ ಕ್ಲಬ್ಬಿನ ಕಚೇರಿ ಎದುರು ಪ್ರತಿಭಟನೆ ಎಂದು ತೀರ್ಮಾನವಾಯಿತು. ಅಂಚೆಯವರು ಕಾಗದದ ಜೊತೆಗೆ ಸುದ್ದಿಯನ್ನೂ ಮನೆಮನೆಗೆ ಹಂಚಿದರು. ಬೇಕರಿಯವರು ಕೇಕಿನ ರಟ್ಟುಗಳ ಮೇಲೆ ಫಲಕ ಬರೆದರು. 'ಮಿಂಚು ಹೋದರೆ ಊರೇ ಕತ್ತಲೆ!' ಎಂಬುದು ಒಂದು. 'ಜರಡಿಯನ್ನು ಕಳಿಸಿ, ಮಿಂಚನ್ನು ಉಳಿಸಿ!' ಎಂಬುದು ಇನ್ನೊಂದು.

ನಾವು ಐದು ಜನ ಬರಬಹುದೆಂದುಕೊಂಡಿದ್ದೆ. ಬಂದದ್ದು ಇನ್ನೂರು. ಅಷ್ಟು ಜನರನ್ನು ಕಂಡು ನಾನು ಒಂದು ಕಟ್ಟೆ ಹತ್ತಿದೆ. ಜೀವನದಲ್ಲಿ ಮೊದಲ ಸಲ ನನ್ನ ಮಾತನ್ನು ಯಾರೂ ನಡುವೆ ತುಂಡರಿಸಲಿಲ್ಲ. ಆ ಅಮಲಿನಲ್ಲಿ ಏನೇನು ಹೇಳಿದೆನೋ ನನಗೆ ನೆನಪಿಲ್ಲ. 'ಇತಿಹಾಸ ಕ್ಷಮಿಸದು' ಎಂದು ಮೂರು ಸಲ ಹೇಳಿದೆ ಎಂದು ಮೇಷ್ಟ್ರು ಆಮೇಲೆ ಲೆಕ್ಕ ಕೊಟ್ಟರು. ಅಷ್ಟರಲ್ಲಿ ಜರಡಿಯೇ ಬಂದ. ಬೇಕರಿಯವರು ಗಾಬರಿಯಿಂದ ಫಲಕದ ಮೊದಲರ್ಧ ಮಡಚಿದರು. 'ಮಿಂಚನ್ನು ಉಳಿಸಿ' ಎಂಬುದನ್ನು ಓದಿ ಜರಡಿಯ ಕಣ್ಣು ತುಂಬಿತು. "ನಾನೇ ಹಿಡ್ಕೋತೀನಿ ಕೊಡಿ ಸಾರ್" ಎಂದು ಫಲಕ ಇಸಕೊಂಡು ಎಲ್ಲರಿಗಿಂತ ಜೋರಾಗಿ ಕೂಗತೊಡಗಿದ. (ಹಿಡಿದುಕೊಂಡ ಫಲಕವನ್ನು ಅವನು ಎರಡು ಸಲ ಕೈಬಿಟ್ಟ.)

ಗದ್ದಲಕ್ಕೆ ಮ್ಯಾನೇಜರ್ ಹೊರಗೆ ಬಂದರು. "ಏನ್ರೀ ಇದು? ಮಿಂಚನ್ನ ಬಿಡ್ತೀವಿ ಅಂತ ಯಾರ್ರೀ ಹೇಳಿದ್ದು?"

"ಸುಳ್ಳು ಹೇಳ್ಬೇಡಿ!" ಎಂದು ನಾನು ಕಟ್ಟೆಯ ಮೇಲಿಂದ ಗರ್ಜಿಸಿದೆ. "ಅವನ ಅಂಗಿಯಿಂದ ಹೆಸರು ಬಿಚ್ಚಿಸಿದ್ದೀರಿ! ಮಿಂ ಮಾತ್ರ ಉಳಿದಿದೆ! ಚು ಎಲ್ಲಿ? ಚು ಎಲ್ಲಿ?"

"ಚು ಎಲ್ಲಿ? ಚು ಎಲ್ಲಿ?" ಎಂದು ಇನ್ನೂರು ಜನ ಕೂಗಿದರು.

ಮ್ಯಾನೇಜರ್ ಮುಖ ಬಿಳುಚಿತು. ಅವರ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ತೆರೆಯಿತು. ಮೊದಲು ಒಂದು ಹೊಟ್ಟೆ ಹೊರಬಂತು. ಅದರ ಹಿಂದೆ ಸ್ವಲ್ಪ ತಡವಾಗಿ ಮಿಂಚು ಬಂದ.

ಎರಡು ತಿಂಗಳ ರಜೆಯಲ್ಲಿ ಆ ಹುಡುಗ ಅತ್ತೆ ಮನೆಯಲ್ಲಿದ್ದನಂತೆ. ಅವರು ಪ್ರೀತಿಯಿಂದ ಬಡಿಸಿದರಂತೆ. ಇವನು ಸಂಕೋಚದಿಂದ ಬೇಡವೆನ್ನಲಿಲ್ಲವಂತೆ. ಒಳಗೆ ನನ್ನ ಹೆಂಡತಿ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ನಿಂತಿದ್ದಳು. ಅವಳು ಬಂದದ್ದೇ ಅಂಗಿಯ ಅಳತೆ ನೋಡಲು.

"ಅಂಗಿ ಹಿಡೀತಿರಲಿಲ್ಲ ಸಾರ್," ಎಂದ ಮಿಂಚು, ನೆಲ ನೋಡುತ್ತ. "ಪಕ್ಕಕ್ಕೆ ಬಟ್ಟೆ ಸೇರಿಸ್ಬೇಕಿತ್ತು. ಬೆನ್ನು ಅಗಲ ಆಯ್ತಲ್ಲ, ಹೆಸರು ನಡುವೆ ಇಕ್ಕಟ್ಟಾಗಿ ಕಾಣುತ್ತೆ ಅಂತ ಅಕ್ಕ ಅಕ್ಷರ ಬಿಚ್ಚಿ ದೂರ ದೂರ ಹಾಕ್ತಿದ್ರು. ಪಂದ್ಯ ಶುರುವಾಗೋದ್ರೊಳಗೆ ಇಳಿಸ್ಕೋತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದು ಮುಂದಕ್ಕೆ ಹರಿಯಿತು. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಂಚು ತನ್ನ ಹೊಟ್ಟೆಯನ್ನು ಎರಡು ಕೈಯಲ್ಲಿ ಮುಚ್ಚಿಕೊಳ್ಳಲು ನೋಡಿ, ಸಾಲದೆ, ಒಳಗೆ ಹೋಗಿಬಿಟ್ಟ. ನಾನು ಮಾತ್ರ ನಗಲಿಲ್ಲ. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅಂದಳು: "ಹನ್ನೆರಡು ವರ್ಷದಿಂದ ಹೊಲೀತಿದ್ದೀನಿ. ಯಾರ ಭುಜ ಓರೆ, ಯಾರ ಸೊಂಟ ಎಷ್ಟು, ಯಾರಿಗೆ ಒಂದು ತೋಳು ಗಿಡ್ಡ, ಎಲ್ಲಾ ನನಗ್ಗೊತ್ತು. ಒಬ್ಬರದ್ದೂ ಇನ್ನೊಬ್ರ ಕಿವಿಗೆ ಹಾಕಿಲ್ಲ. ಆ ಹುಡುಗ ನನ್ನ ಮುಂದೆ ಅತ್ತು, 'ಅಕ್ಕಾ, ಮಾನ ಉಳಿಸಿ' ಅಂದಿದ್ದ ಕಣ್ರೀ. ನೀವು ಅವನ ಮಾನಾನ ಕಟ್ಟೆ ಹತ್ತಿ ಹರಾಜು ಹಾಕಿದ್ರಿ."

ಅವಳು ಕಿರುಚಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಮೆತ್ತಗೆ ಹೇಳಿದಳು.

ಮರುದಿನ ಪತ್ರಿಕೆಯಲ್ಲಿ ಮಿಂಚಿನ ಚಿತ್ರ ಬಂತು, ಪಕ್ಕದಿಂದ ತೆಗೆದದ್ದು. ಒಂದೇ ಅಂಕಣದಲ್ಲಿ ಹಿಡಿಯದೆ ಎರಡಂಕಣಕ್ಕೆ ಹರಡಿತ್ತು. ನಾನು ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಒಳ್ಳೆಯ ಹುಡುಗ, ಕೂರಿಸಿ ನೀರು ಕೊಟ್ಟ. "ನಿಮ್ಮ ಮೇಲೆ ಸಿಟ್ಟಿಲ್ಲ ಸಾರ್. ಆದ್ರೆ ಬೀದೀಲಿ ಹೋದ್ರೆ ಮಕ್ಕಳು ಚು ಎಲ್ಲಿ, ಚು ಎಲ್ಲಿ ಅಂತಾವೆ. ನಾನಿನ್ನು ಈ ಊರಲ್ಲಿ ಆಡಲಾರೆ" ಎಂದ. ವಾರದೊಳಗೆ ಹೊಳೆಯಾಚೆಯ ತಂಡಕ್ಕೆ ಸೇರಿಕೊಂಡ. ಹೊಳೆಯಾಚೆಯವರು! ಅವರ ಹೆಸರೆತ್ತಿದ ಮೇಲೆ ನಾನು ಬಾಯಿ ಮುಕ್ಕಳಿಸುತ್ತಿದ್ದೆ. ಯಾರನ್ನು ಉಳಿಸಲೆಂದು ಗಂಟಲು ಹರಿದುಕೊಂಡೆನೋ ಅವನನ್ನು ನಾನೇ ಸೇತುವೆ ದಾಟಿಸಿದ್ದೆ. ಜರಡಿ ಉಳಿದ. ಪ್ರತಿಭಟನೆಯಲ್ಲಿ ಅವನು ತೋರಿಸಿದ ನಿಷ್ಠೆಗೆ ಮೆಚ್ಚಿ ಅವನನ್ನು ಕ್ಯಾಪ್ಟನ್ ಸಹ ಮಾಡಿದರು.

ಹೆಂಡತಿಯ ಕೆಲಸ ಹೋಗುತ್ತದೆಂದು ನನಗೆ ಭಯವಿತ್ತು. ಮ್ಯಾನೇಜರ್ ಬಂದು, "ಅಕ್ಕನ ಬಾಯಿಂದ ಒಂದಕ್ಷರ ಹೊರಗೆ ಬಂದಿಲ್ಲ ಅಂತ ನನಗ್ಗೊತ್ತು. ಆ ಅಲಮಾರಿಗೆ ಮಾತ್ರ ಇನ್ನೊಂದು ಬೀಗ ಹಾಕ್ಸಿ" ಎಂದು ನನ್ನನ್ನು ನೋಡುತ್ತ ಹೇಳಿ ಹೋದರು. ಇವಳು ಮಿಂಚಿನ ಹೊಟ್ಟೆಯ ಗುಟ್ಟನ್ನು ಕಾಪಾಡಲು ಪಟ್ಟ ಪಾಡು ಹೊಳೆಯಾಚೆಗೂ ಮುಟ್ಟಿ, ಅವರ ಅಂಗಿಗಳ ಕೆಲಸವೂ ಇವಳಿಗೇ ಬಂತು. ಗಂಟು ಹೊತ್ತು ಸೇತುವೆ ದಾಟಿಸುವ ಕೆಲಸ ನನಗೆ ಬಂತು.

ಹೊಸ ಸಾಲಿನ ಮೊದಲ ಪಂದ್ಯವೇ ನಮಗೂ ಅವರಿಗೂ. ಹೊಳೆಯ ದಂಡೆಯ ಮರಳಿನಲ್ಲಿ ಓಡಿಸಿ ಓಡಿಸಿ ಅವರು ಮಿಂಚನ್ನು ಕಡ್ಡಿ ಮಾಡಿದ್ದರು. ಅವನು ಮೂರು ಗೋಲು ಹೊಡೆದ. ಮೂರನೆಯದಕ್ಕೆ ಕ್ಯಾಪ್ಟನ್ ಜರಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟನೆಂದೇ ನನ್ನ ಅನುಮಾನ. ಪಂದ್ಯ ಮುಗಿದ ಮೇಲೆ ಹೊಳೆಯಾಚೆಯ ಮ್ಯಾನೇಜರ್ ಮೈಕು ಹಿಡಿದರು.

"ಈ ಗೆಲುವಿಗೆ ಒಬ್ಬ ಮಹನೀಯರು ಕಾರಣ. ಅವರ ಹೋರಾಟ ಇಲ್ಲದಿದ್ದರೆ ಮಿಂಚು ನಮಗೆ ಸಿಗುತ್ತಿರಲಿಲ್ಲ. ಕನ್ನಡಕದಂಗಡಿಯ ಯಜಮಾನರು ದಯವಿಟ್ಟು ಮೈದಾನಕ್ಕೆ ಬರಬೇಕು!"

ನಾನು ಬೆಂಚಿನ ಕೆಳಗೆ ಬಗ್ಗಿದೆ. "ಇಲ್ಲಿದ್ದಾರೆ, ಇಲ್ಲಿದ್ದಾರೆ!" ಎಂದು ತೋರಿಸಿದವಳು ನನ್ನ ಹೆಂಡತಿ. ಅವರ ತಂಡದ ಕೆಂಪು ಟೋಪಿಯನ್ನು ನನ್ನ ತಲೆಗೆ ಇಟ್ಟರು. ಆ ಕಡೆಯ ಸಾವಿರ ಜನ ಚಪ್ಪಾಳೆ ಹೊಡೆದರು. ಈ ಕಡೆ, ಕ್ಷೌರದಂಗಡಿಯವರು ಕೈಕಟ್ಟಿಕೊಂಡು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು.

ಆ ಭಾನುವಾರ ಸಂಘದ ತುರ್ತು ಸಭೆ ಸೇರಿತು. ಕ್ಷೌರದಂಗಡಿಯ ಕನ್ನಡಿಯ ಮೇಲೆ ಪಟ್ಟಿ ಅಂಟಿಸಿದ್ದರು. ಕೈಬಿಟ್ಟವರು: ಕನ್ನಡಕದವರು. ಹೊಸದಾಗಿ ಸೇರಿದವರು: ಕನ್ನಡಕದವರ ಮನೆಯವರು. ಹುದ್ದೆ: ಅಧ್ಯಕ್ಷರು.

"ಆಟ ಗೊತ್ತಿಲ್ಲದವಳು ಅಧ್ಯಕ್ಷೆಯಾ?" ಎಂದು ನಾನು ಅರಚಿದೆ.

"ಬಾಯಿ ಬಿಗಿ ಹಿಡಿಯೋದು ಗೊತ್ತಲ್ಲ, ಸಾಕು" ಎಂದರು ಭೂಗೋಳದ ಮೇಷ್ಟ್ರು. ನನ್ನ ಹೆಂಡತಿ ಕುರ್ಚಿಯಲ್ಲಿ ಕೂತು, ಹೊರಗೆ ಹೋಗುವ ದಾರಿಯನ್ನು ನನಗೆ ಬಹಳ ಮರ್ಯಾದೆಯಿಂದ ತೋರಿಸಿದಳು.

ಈಗ ಭಾನುವಾರಗಳೆಲ್ಲ ನನ್ನವೇ. ಯಾವ ಸಂಘಕ್ಕೂ ಸೇರದ ಅಭಿಮಾನಿಯಾಗಿ ಅಂಗಡಿಯಲ್ಲಿ ಗಾಜು ಒರೆಸುತ್ತಿರುತ್ತೇನೆ. ಹೋದ ವಾರ ಚದುರಂಗ ಸಂಘದ ಕಾರ್ಯದರ್ಶಿಗಳು ಬಂದರು. ಕನ್ನಡಕ ನೋಡುವ ನೆಪದಲ್ಲಿ ನನ್ನನ್ನೇ ನೋಡಿದರು. ನನ್ನ ಎದೆ ಉಬ್ಬಿತು. ಕೊನೆಗೂ ಯಾರೋ ಕರೆಯಲು ಬಂದರಲ್ಲ ಎಂದುಕೊಂಡೆ.

"ನಮ್ಮಲ್ಲಿ ಒಬ್ಬ ಪ್ರೇಕ್ಷಕರ ಜಾಗ ಖಾಲಿ ಇದೆ," ಎಂದರು ಅವರು. "ನೀವು ಹೇಗೆ, ಆಟ ನೋಡುವಾಗ ಸ್ವಲ್ಪ ಜೋರೇ?"

"ಜೋರು ಅಂದ್ರೆ!" ಎಂದು ನಾನು ಕಟ್ಟಿಟ್ಟಿದ್ದ ದನಿಯನ್ನೆಲ್ಲ ಬಿಚ್ಚಿದೆ. "ಇನ್ನೂರು ಜನ ಒಟ್ಟಿಗೆ ಕೂಗಿದ್ರೂ ನನ್ನ ದನಿ ಬೇರೆ ಕೇಳುತ್ತೆ ಸ್ವಾಮೀ!"

ಅವರು ಕೈಯಲ್ಲಿದ್ದ ಕನ್ನಡಕವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ತುದಿಗಾಲಲ್ಲಿ ಹೊರಗೆ ಹೋದರು.