ಓಡುವಾಗ ಚಿಮ್ಮದ ನೀರಿನ ತನಿಖೆ

ನಮ್ಮ ಕಾರಿನ ಮುಂದಿನ ಗಾಜು ತೊಳೆಯುವ ನೀರು, ಕಾರು ಮನೆ ಮುಂದೆ ನಿಂತಿದ್ದಾಗ ಕಾರಂಜಿಯಂತೆ ಚಿಮ್ಮುತ್ತದೆ. ರಸ್ತೆಗಿಳಿದು ನಾಲ್ಕು ಉಬ್ಬು ಹಾರಿದರೆ ಒಂದು ಹನಿ ಇಲ್ಲ. ವೈಪರು ಮಾತ್ರ ಒಣ ಧೂಳನ್ನು ಈ ಕಡೆಯಿಂದ ಆ ಕಡೆಗೆ ಶ್ರದ್ಧೆಯಿಂದ ವರ್ಗಾವಣೆ ಮಾಡುತ್ತಿರುತ್ತದೆ. ಮೂರು ಸಲ ಮೆಕ್ಯಾನಿಕ್ ಹತ್ತಿರ ಒಯ್ದೆ. ಮೂರು ಸಲವೂ ಅವನ ಶೆಡ್ಡಿನಲ್ಲಿ ನೀರು ನನ್ನ ಕನ್ನಡಕದವರೆಗೆ ಚಿಮ್ಮಿತು. "ಕಾರಿಗೆ ಏನೂ ಆಗಿಲ್ಲ ಸಾರ್," ಎಂದ, 'ಕಾರಿಗೆ' ಎಂಬುದನ್ನು ಸ್ವಲ್ಪ ಒತ್ತಿ.

ಇದನ್ನು ಹೆಂಡತಿಗೆ ಹೇಳಬಾರದಿತ್ತು. ಹೇಳಿದೆ.

"ಹಾಗಾದ್ರೆ ನೀವು ಓಡಿಸೋದ್ರಲ್ಲೇ ಏನೋ ದೋಷ ಇದೆ. ನನ್ನ ಕೈಗೆ ಕೊಡಿ, ನೋಡೋಣ."

ಇಲ್ಲಿ ನಮ್ಮ ಮನೆಯ ರಾಜಕೀಯ ಪರಿಸ್ಥಿತಿಯನ್ನು ವಿವರಿಸಬೇಕು. ನನ್ನಾಕೆ ಲೈಸೆನ್ಸ್ ಪಡೆದು ಎರಡು ವರ್ಷವಾಯಿತು. ಅಂದಿನಿಂದ ನಾನು ಸ್ಟೀರಿಂಗ್ ಹಿಂದಿನ ಸೀಟನ್ನು ಕೋಟೆಯಂತೆ ಕಾಯುತ್ತಿದ್ದೇನೆ. ಕ್ಲಚ್ ಬಿಗಿ, ಬ್ರೇಕ್ ಸಡಿಲ, ಮೋಡ ಕವಿದಿದೆ, ಬಿಸಿಲು ಕಣ್ಣಿಗೆ ಹೊಡೆಯುತ್ತೆ ಎಂದು ಎರಡು ವರ್ಷಕ್ಕೆ ಸಾಲುವಷ್ಟು ನೆಪಗಳನ್ನು ಸ್ವಂತ ಬುದ್ಧಿಯಿಂದ ತಯಾರಿಸಿದ್ದೇನೆ. (ನಿಜವಾದ ಕಾರಣ: ಅವಳು ನನಗಿಂತ ಚೆನ್ನಾಗಿ ಓಡಿಸುತ್ತಾಳೆಂದು ಡ್ರೈವಿಂಗ್ ಸ್ಕೂಲಿನವನು ನನ್ನೆದುರಿಗೇ ಹೇಳಿಬಿಟ್ಟಿದ್ದ.)

"ಮೊದಲು ರಿಪೇರಿ ಆಗಲಿ. ಗಾಜು ತೊಳೆಯದ ಕಾರನ್ನು ನಿನ್ನ ಕೈಗೆ ಕೊಡುವಷ್ಟು ಬೇಜವಾಬ್ದಾರಿ ಮನುಷ್ಯನಲ್ಲ ನಾನು."

"ಆದ್ಮೇಲೆ ಕೊಡ್ತೀರಾ?"

"ಆಮೇಲೆ ನೋಡೋಣ."

"ಆ ಲೈಸೆನ್ಸಿಗೆ ಒಂದು ಕಟ್ಟು ಹಾಕಿಸಿ ಗೋಡೆಗೆ ಹೊಡಿಯೇ," ಎಂದರು ಅತ್ತೆ. ಮಗಳನ್ನು ನೋಡಿಕೊಂಡು ಹೋಗಲು ಬಂದವರು. ಮೂರು ವಾರದಿಂದ ನೋಡುತ್ತಿದ್ದಾರೆ.

ಭಾನುವಾರ ಬೆಳಿಗ್ಗೆ ವೋಲ್ಟ್ ಅಳೆಯುವ ಮೀಟರು ಹಿಡಿದು ಬಾನೆಟ್ ಎತ್ತಿದೆ. "ನಾನೂ ನೋಡ್ಲಾ?" ಎಂದು ಬಂದವಳಿಗೆ "ವಿದ್ಯುತ್ತು ನಿನಗೆ ಅರ್ಥವಾಗೋ ವಿಷಯ ಅಲ್ಲ" ಎಂದೆ. ಫ್ಯೂಸ್ ಸರಿಯಿತ್ತು. ಸ್ವಿಚ್ ಸರಿಯಿತ್ತು. ನೀರೆತ್ತುವ ಪುಟ್ಟ ಮೋಟಾರೂ ಸರಿಯಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ನನಗೆ ಜ್ಞಾನೋದಯವಾಯಿತು: ರೋಗ ಬರುವುದು ಓಡುವಾಗ, ಅಂದ ಮೇಲೆ ಪರೀಕ್ಷೆಯೂ ಓಡುವಾಗಲೇ ಆಗಬೇಕು! ಮೋಟಾರಿಗೆ ಕರೆಂಟು ತರುವ ತುದಿಯಿಂದ ಒಂದು, ಬ್ಯಾಟರಿಯ ಮೈನಸ್ ತುದಿಯಿಂದ ಒಂದು ಉದ್ದ ತಂತಿ ಎಳೆದು, ಕಿಟಕಿಯೊಳಗೆ ತೂರಿಸಿ ಮೀಟರಿಗೆ ಸಿಕ್ಕಿಸಿದೆ. ಅಡುಗೆಮನೆಗೆ ಹೋಗಿ ಎದೆಯುಬ್ಬಿಸಿ ಘೋಷಿಸಿದೆ:

"ಒಬ್ಬರು ರಸ್ತೆ ನೋಡ್ಬೇಕು. ಇನ್ನೊಬ್ಬರು ಮೀಟರಿನಿಂದ ಕಣ್ಣು ತೆಗೀಬಾರದು."

ಅವಳು ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಕೀಲಿ."

ನನ್ನ ತರ್ಕ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದೆಯೆಂದು ಹೊಳೆದದ್ದು ಆಗ. "ಅಲ್ಲ, ನೀನೇ ಮೀಟರು ನೋಡಬಹುದಲ್ಲ..."

"ಅಯ್ಯೋ, ವಿದ್ಯುತ್ತು ನನಗೆ ಅರ್ಥವಾಗೋ ವಿಷಯ ಅಲ್ಲ!"

ಹೊರಟೆವು. ಅತ್ತೆಯೂ ಹಿಂದಿನ ಸೀಟಿನಲ್ಲಿ ಕೂತರು. ನನ್ನಾಕೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ಓಡಿಸಿದಳು. ನನಗೆ ಬಹಳ ಬೇಸರವಾಯಿತು. ನಾಲ್ಕನೆಯ ಉಬ್ಬು ಹಾರುತ್ತಲೇ "ಒತ್ತು!" ಎಂದೆ. ಒತ್ತಿದಳು. ಮೀಟರು ಹನ್ನೆರಡು ವೋಲ್ಟ್ ತೋರಿಸಿತು; ಗಾಜಿಗೆ ಹನಿ ಬೀಳಲಿಲ್ಲ. ಸುಳಿವು ಸಿಕ್ಕಿತ್ತು!

"ಬರೋದು ಸರಿಯಾಗೇ ಬಂದಿದೆ!" ಎಂದು ಕೂಗಿದೆ. "ವಾಪಸ್ ಹೋಗೋದೇ ಇಲ್ಲ! ಬಂದಲ್ಲೇ ಕೂತುಬಿಟ್ಟಿದೆ!"

ಅತ್ತೆ ಹಿಂದಿನಿಂದ ಮುಂದಕ್ಕೆ ಬಾಗಿದರು.

"ಯಾರ ವಿಷಯ ಹೇಳ್ತಿದ್ದೀರಿ ಅಳಿಯಂದ್ರೇ?" ಎಂದರು ಅತ್ತೆ.

"ಕರೆಂಟಿನ ವಿಷಯ, ಅತ್ತೆ."

"ಹಾಗೇ ಅಂದ್ಕೋತೀನಿ."

ಕಾರು ನಿಲ್ಲಿಸಿ ಬಾನೆಟ್ ಎತ್ತಿದೆವು. ಕರೆಂಟು ವಾಪಸ್ ಹೋಗುವ ಕಪ್ಪು ತಂತಿಯನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟ್ ಒಂದಿರುತ್ತದೆ. ಕಾರು ಕುಲುಕಿದರೆ ತಂತಿಯ ಹಿಡಿತ ತಪ್ಪುವಷ್ಟು ಸಡಿಲವಾಗಿ, ಅದು ನನ್ನ ಕಿರುಬೆರಳಿಗೇ ಗರಗರ ತಿರುಗಿತು. ಅದರಡಿಯಲ್ಲಿ ಇನ್ನೊಂದು ಹಳದಿ ತಂತಿಯೂ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಹೋದ ವರ್ಷ ಎರಡು ಸ್ವರದ ಹಾರ್ನ್ ಒಂದನ್ನು ನಾನೇ ಕೂರಿಸಿದಾಗ, ಸ್ಪ್ಯಾನರ್ ಸಿಗದೆ, ಈ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ಬಿಟ್ಟಿದ್ದೆ.

"ಈ ಹಳದಿ ತಂತಿ ಯಾರದ್ದು?" ಎಂದಳು.

"ಯಾರೋ ಅವಿವೇಕಿ ಹಾಕಿದ್ದಾನೆ," ಎಂದೆ. ಆ ಹೊತ್ತಿಗೆ ಅದಕ್ಕಿಂತ ಪ್ರಾಮಾಣಿಕ ಉತ್ತರ ನನ್ನಲ್ಲಿರಲಿಲ್ಲ.

ಅವಳು ತಂತಿಯ ಗುಂಟ ಬೆರಳಾಡಿಸುತ್ತ ಹಾರ್ನಿನವರೆಗೆ ಹೋದಳು. ಹಾರ್ನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಬೋಲ್ಟ್ ಬಿಗಿದು, ಮೀಟರಿನ ತಂತಿಗಳನ್ನು ಮೋಟಾರಿನ ಎರಡೂ ತುದಿಗೆ ಕಚ್ಚಿಸಿ ಮತ್ತೆ ಓಡಿಸಿದೆವು. ಉಬ್ಬಿನ ಮೇಲೆ ಹನ್ನೆರಡೂ ಬಂತು, ನೀರೂ ಬಂತು.

"ಮುಗೀತು! ಇಳಿ, ಇನ್ನು ನಾನು ಓಡಿಸ್ತೀನಿ."

"ಬೋಲ್ಟ್ ಯಾರು ಬಿಗಿದದ್ದು?"

"ನಾನೇ."

"ಹಾಗಾದ್ರೆ ಒಂದು ಸಲ ಚಿಮ್ಮಿದ್ದನ್ನ ನಂಬೋಕಾಗಲ್ಲ. ಸ್ವಲ್ಪ ದಿನ ಹೀಗೇ ಓಡಿಸಿ ನೋಡ್ಬೇಕು. ನೀವು ಮೀಟರಿನಿಂದ ಕಣ್ಣು ತೆಗೀಬೇಡಿ."

ಈಗ ಐದು ವಾರವಾಯಿತು; ಪರೀಕ್ಷೆ ನಡೆದೇ ಇದೆ. ಆಫೀಸಿಗೆ, ತರಕಾರಿಗೆ, ಅವಳ ಗೆಳತಿಯರ ಮನೆಗೆ, ಎಲ್ಲೆಲ್ಲಿಗೂ ಅವಳೇ ಓಡಿಸುತ್ತಾಳೆ. ನಾನು ಪಕ್ಕದಲ್ಲಿ ಮೀಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಪ್ರತಿ ಉಬ್ಬಿನ ಮೇಲೂ "ಎಷ್ಟು?" ಅನ್ನುತ್ತಾಳೆ. "ಹನ್ನೆರಡು" ಅನ್ನುತ್ತೇನೆ.

ಹೋದ ಮಂಗಳವಾರ ಮೀಟರಿನೊಳಗಿನ ಸೆಲ್ಲು ಸತ್ತಿತು. ಅವಳಿಗೆ ಹೇಳಿಲ್ಲ. ಖಾಲಿ ಮೀಟರನ್ನೇ ದಿಟ್ಟಿಸಿ "ಹನ್ನೆರಡು" ಅನ್ನುತ್ತಿದ್ದೇನೆ. ಗೊತ್ತಾದರೆ ನನ್ನನ್ನು ಮನೆಯಲ್ಲೇ ಬಿಟ್ಟುಹೋಗುತ್ತಾಳೆ.