ಸುಣ್ಣ ಕಾಣದ ಗೋಡೆಯ ಹುಡುಕಾಟ

ಸಿನಿಮಾದಲ್ಲಿ ಕಾಣುವ ತಮಾಷೆಗಿಂತ ಅದಕ್ಕೆ ಜಾಗ ಹುಡುಕುವಾಗ ನಡೆಯುವ ತಮಾಷೆಯೇ ಹೆಚ್ಚು. ಸಹಾಯಕ ನಿರ್ದೇಶಕನಾದ ನನಗೆ ಅದನ್ನು ಟಿಕೆಟ್ ಇಲ್ಲದೆ ನೋಡುವ ಭಾಗ್ಯ. ನಮ್ಮ ಲೊಕೇಶನ್ ಮ್ಯಾನೇಜರ್ ಜೊತೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಈ ಸಲ ನಿರ್ದೇಶಕರು, "ಗೋಡೆಯ ಸುಣ್ಣ ಚಕ್ಕೆ ಚಕ್ಕೆ ಎದ್ದಿರೋ ಮನೆ ಬೇಕು. ಸಿಗದಿದ್ರೆ ಶೂಟಿಂಗೇ ಬೇಡ" ಎಂದು ಹಟ ಹಿಡಿದಿದ್ದರು. "ಸಿಗುತ್ತೆ ಸಾರ್" ಎಂದರು ಮ್ಯಾನೇಜರ್. ಆ ಮನುಷ್ಯ "ಆಗಲ್ಲ" ಅಂದಿದ್ದನ್ನು ನಾನು ಕೇಳಿಯೇ ಇಲ್ಲ.

ಬಟವಾಡಿಯಲ್ಲಿ ಬಾಡಿಗೆ

ಬಟವಾಡಿಯ ಒಂದು ಹಳೇ ಮನೆ ಮುಂದೆ ನಿಂತು ಗೋಡೆ ದಿಟ್ಟಿಸುತ್ತಿದ್ದೆವು. ಅಜ್ಜಿಯೊಬ್ಬರು ಹೊರಗೆ ಬಂದರು.

"ಬಾಡಿಗೆಗಾ?"

"ಒಂಥರಾ ಹೌದು ಅಜ್ಜಿ. ನಾಲ್ಕೇ ದಿನಕ್ಕೆ," ಎಂದರು ಮ್ಯಾನೇಜರ್.

"ಎಷ್ಟ್ ಜನ ಇರ್ತೀರಾ?"

ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ. "ನೂರಿಪ್ಪತ್ತು."

ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಆಗಲ್ಲಪ್ಪ. ಬಾತ್‌ರೂಮ್ ಒಂದೇ ಇರೋದು," ಎಂದು ಬಾಗಿಲು ಹಾಕಿಕೊಂಡರು.

ಕುಣಿಗಲ್ಲಿನ ಕಿವಿ

ಮನೆ ಸಿಗುವ ತನಕ ಹೊರಗಿನ ದೃಶ್ಯಗಳನ್ನು ಮುಗಿಸೋಣವೆಂದು ಕುಣಿಗಲ್ ಹತ್ತಿರದ ಹೊಲವೊಂದಕ್ಕೆ ಹೋದೆವು. ಮಾತು ಅಲ್ಲೇ ರೆಕಾರ್ಡ್ ಆಗಬೇಕು, ಪಕ್ಕದ ಹೊಲದ ಯಜಮಾನರು ನೋಡಿದರೆ ಟಿಲ್ಲರ್ ಓಡಿಸುತ್ತಿದ್ದಾರೆ. ನಾನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಮ್ಯಾನೇಜರ್ ಅವರನ್ನು ಕರೆತಂದು, ಕುರ್ಚಿ ಹಾಕಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು, "ಅಣ್ಣ, ಎಲ್ಲಾದ್ರೂ ಸದ್ದು ಬಂದ್ರೆ ನೀವೇ ಹೇಳ್ಬೇಕು" ಎಂದರು. ಅವರ ಟಿಲ್ಲರ್ ಅಲ್ಲಿಗೆ ನಿಂತಿತು. ಅರ್ಧ ಗಂಟೆಯಲ್ಲಿ ಅವರು ಫೋನ್ ಮಾಡಿ ಆಚೆ ಹೊಲದ ಟ್ರ್ಯಾಕ್ಟರನ್ನೂ ನಿಲ್ಲಿಸಿದರು.

ಟೇಕ್ ನಡುವೆ ನಿರ್ದೇಶಕರಿಗೆ ಕೆಮ್ಮು ಬಂತು. ಯಜಮಾನರು ಹೆಡ್‌ಫೋನ್ ತೆಗೆದು, "ಸ್ವಾಮಿ, ಕೆಮ್ಮೋದಿದ್ರೆ ಬೇಲಿಯಾಚೆ ಹೋಗಿ ಕೆಮ್ಕೊಂಡ್ ಬನ್ನಿ" ಎಂದರು.

ಗುಬ್ಬಿಯ ಗೋಡೆ

ಮನೆ ತೋರಿಸಿದವರೂ ಅದೇ ಯಜಮಾನರು. "ಗುಬ್ಬೀಲಿ ನಮ್ಮಕ್ಕನ ಮನೆ ಐತೆ. ಸುಣ್ಣ ಕಂಡು ಇಪ್ಪತ್ತ್ ವರ್ಷ ಆಯ್ತು. ಅಕ್ಕ ಕೇಳ್ತಾನೇ ಅವ್ಳೆ, ನಮ್ ಭಾವ ಜಪ್ಪಯ್ಯ ಅಂದ್ರೂ ಬಳಿಸಲ್ಲ," ಎಂದರು. ಹೋಗಿ ನೋಡಿದರೆ, ದೇವರೇ ನಮಗೋಸ್ಕರ ಉದುರಿಸಿಟ್ಟಂಥ ಗೋಡೆ. ಫೋಟೋ ನೋಡಿ ನಿರ್ದೇಶಕರು ಕುಣಿದಾಡಿದರು.

ಮುಂದಿನ ಸೋಮವಾರ ಎರಡು ಬಸ್ಸಲ್ಲಿ ಹೋಗಿ ಇಳಿದೆವು. ಮನೆ ಒಳಗೂ ಹೊರಗೂ ಫಳಫಳ ಗುಲಾಬಿ ಬಣ್ಣ.

"ನಾಲ್ಕ್ ಜನ ನೋಡೋ ಮನೆ ಅಲ್ವಾ ಸಾರ್, ಹಂಗೇ ಬಿಟ್ರೆ ನಮ್ ಮರ್ಯಾದೆ ಏನಾಗ್ಬೇಕು?" ಎಂದರು ಭಾವ, ಹೆಮ್ಮೆಯಿಂದ. ನಿರ್ದೇಶಕರು ಜಗಲಿಯ ಮೇಲೆ ಕುಸಿದು ಕೂತರು.

ಮ್ಯಾನೇಜರ್ ಮಾತ್ರ ಅವರು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು. "ಬಣ್ಣ ಚೆನ್ನಾಗಿದೆ ಅಕ್ಕ," ಎಂದರು ಮೊದಲು ಮನೆಯಾಕೆಗೆ. ಆಮೇಲೆ ಮೆತ್ತಗೆ, ನಡುಮನೆಯ ಒಂದೇ ಒಂದು ಗೋಡೆಗೆ ಮಣ್ಣು ಮೆತ್ತಿ ಹಳೇದು ಮಾಡಬೇಕಾಗುತ್ತದೆ, ಶೂಟಿಂಗ್ ಮುಗಿದ ಮೇಲೆ ನಿಮಗಿಷ್ಟವಾದ ಬಣ್ಣ ಬಳಿಸಿಕೊಡುತ್ತೇವೆ ಎಂದು ವಿವರಿಸಿದರು. ಆ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಇಪ್ಪತ್ತು ವರ್ಷ ಕಾದು ಬಣ್ಣ ಕಂಡ ಹೆಂಗಸು ಇದಕ್ಕೆ ಒಪ್ಪುತ್ತಾರೆಂಬ ಆಸೆ ನನಗಿರಲಿಲ್ಲ.

ಆಕೆ ಒಮ್ಮೆ ಗೋಡೆ ನೋಡಿದರು, ಒಮ್ಮೆ ಗಂಡನನ್ನು ನೋಡಿದರು. "ನಂಗಿಷ್ಟ ಬಂದಿದ್ದೇ ಬಳಿಸ್ತೀರಾ?"

"ಹೂಂ ಅಕ್ಕ."

"ಹಂಗಾದ್ರೆ ಒಂದ್ ಗೋಡೆ ಯಾಕಪ್ಪ, ಎಲ್ಲಾ ಗೋಡೇನೂ ಕೆಡಿಸ್ಬುಡಿ. ಈ ಗುಲಾಬಿ ಇವ್ರು ಆರಿಸಿದ್ದು."