ದೇವರ ಹೆಸರಿಗೆ ಬಿಟ್ಟ ವೆಬ್‌ಸೈಟು

ದೇವರಿಗೆ ಆಧಾರ್ ಕಾರ್ಡು ಮಾಡಿಸಲು ಹೊರಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಬೆನ್ನಿಗೆ ಬಿದ್ದ ತಮ್ಮ. ಹೆತ್ತವ್ವನ ತಪ್ಪಲ್ಲ, ಹುಟ್ಟುವಾಗ ಸರಿಯಾಗೇ ಇದ್ದ.

ನಾನು ಚಳ್ಳಕೆರೆಗೆ ಕೊಟ್ಟ ಹೆಣ್ಣು. ಅವನು ಮೊಳಕಾಲ್ಮೂರು ಕಡೆಯ ನಮ್ಮ ತವರಿನಲ್ಲೇ ಉಳಿದ. ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷನೂ ಆದ. ಚರಂಡಿ ಮಾಡಿಸಿದನಾ? ಇಲ್ಲ. ಬೀದಿ ದೀಪ ಹಾಕಿಸಿದನಾ? ಅದೂ ಇಲ್ಲ. ಪಂಚಾಯ್ತಿಗೆ ಊರಿನ ಹೆಸರಿಟ್ಟು ವೆಬ್‌ಸೈಟು ಮಾಡಿಸಿದ!

ಆ ವ್ಯವಹಾರ ನನಗೆ ತಿಳಿದಷ್ಟು ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಒಬ್ಬರಿಗೇ, ಮೊದಲು ಹೋದವರಿಗೆ ಸಿಗುತ್ತದೆ. ಆದರೆ ಅದು ಕ್ರಯ ಅಲ್ಲ, ಗುತ್ತಿಗೆ. ವರ್ಷ ವರ್ಷ ಮುಂದುವರಿಸಬೇಕು. ಮರೆತರೆ ದಾರಿಹೋಕನೂ ಎತ್ತಿಕೊಂಡು ಹೋಗಬಹುದು.

ಯಾರ ಹೆಸರಿಗೆ ಮಾಡಲಿ ಎಂದು ಚಳ್ಳಕೆರೆಯ ಕಂಪ್ಯೂಟರ್ ಅಂಗಡಿಯವನು ಕೇಳಿದನಂತೆ. ತನ್ನ ಹೆಸರಿಗೆ ಮಾಡಿಸಿದರೆ ಊರು ನುಂಗಿದ ಅನ್ನುತ್ತಾರೆ. ಪಂಚಾಯ್ತಿ ಹೆಸರಿಗೆ ಮಾಡಿಸಿದರೆ ನಾಳೆ ಗೆದ್ದು ಬರುವ ಎದುರು ಪಾರ್ಟಿಯವನು ಅಳಿಸಿ ಹಾಕುತ್ತಾನೆ. ನಮ್ಮ ಸೀಮೆಯಲ್ಲಿ ಇಂಥ ತೊಡಕಿಗೆ ಒಂದು ಹಳೇ ದಾರಿ ಇದೆ. ದೇವರಿಗೆ ಬಿಡುವುದು. ದೇವರ ಎತ್ತುಗಳನ್ನು ನೋಡಿ. ಯಾರೂ ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಹೊಲಕ್ಕೆ ನುಗ್ಗಿದರೂ ಕೈ ಮುಗಿದು ಆಚೆ ಅಟ್ಟುತ್ತಾರೆ. ಊರಿನ ಹೆಸರನ್ನೂ ಹಾಗೇ ಬಿಟ್ಟರೆ ಮುಟ್ಟುವ ಎದೆ ಯಾರಿಗಿದೆ? ಮಾಲೀಕರು ಊರ ದೇವರು, ವಿಳಾಸ ಗುಡಿ, ಫೋನು ಪೂಜಾರಿಯದು. ಹಾಗೇ ಬರೆಸಿದ. ಊರೆಲ್ಲ ಭೇಷ್ ಅಂದಿತು. ನೀರಿನ ಟ್ಯಾಂಕಿನ ಮೇಲೆ, ಶಾಲೆ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ವೆಬ್‌ಸೈಟಿನ ಹೆಸರು ಬರೆಸಿದರು.

ಆಮೇಲೆ ಇವನ ಅವಧಿ ಮುಗಿಯಿತು. ಪೂಜಾರಿ ಪುಕ್ಕಟೆ ಆಫರು ಸಿಕ್ಕಿತು ಅಂತ ಸಿಮ್ಮು ಬದಲಿಸಿದ. ಗುತ್ತಿಗೆ ಮುಗಿಯುತ್ತಿದೆ ಎಂಬ ಸೂಚನೆಗಳೆಲ್ಲ ನೇರ ದೇವರಿಗೇ ಹೋದವು. ದೇವರು ಯಾವತ್ತು ಯಾರಿಗೆ ಮರುತ್ತರ ಬರೆದಿದ್ದಾನೆ?

ಗೊತ್ತಾಗಿದ್ದು ಗ್ರಾಮಸಭೆಯಲ್ಲಿ. ಮೇಲಿನಿಂದ ಬಂದ ಅಧಿಕಾರಿ, ನಿಮ್ಮ ಪಂಚಾಯ್ತಿ ವೆಬ್‌ಸೈಟು ನೋಡೋಣ ಎಂದು ಗೋಡೆ ಮೇಲಿನ ಪರದೆಗೆ ಹಾಕಿಸಿದರು. ಊರಿನ ಹೆಸರು ಒತ್ತಿದ್ದೇ ತಡ, ಇಸ್ಪೀಟಿನ ಎಲೆಗಳು ಸುರಿಯತೊಡಗಿದವು! ರಾಣಿ, ಗುಲಾಮ, ಝಣಝಣ ದುಡ್ಡಿನ ಸದ್ದು. ಯಾವ ಊರಿನವನೋ ಜೂಜಿನವನು ಹೆಸರು ಎತ್ತಿಕೊಂಡಿದ್ದ. ಜನ ಮೊದಲು ನಕ್ಕರು. ಆಮೇಲೆ ಹಿಂದಿನಿಂದ ಒಬ್ಬ ಅಂದ, "ಹಳೇ ಅಧ್ಯಕ್ಷ ಊರಿನ ಹೆಸರು ಚೆನ್ನಾಗಿ ಮಾರ್ಕಂಡವ್ನೆ ಬಿಡ್ರಿ."

ಆ ಮಾತು ಅವನನ್ನು ಹಿಡಿದುಕೊಂಡಿತು. ಕಟ್ಟೆಗೆ ಕೂರಲು ಹೋಗುವುದು ಬಿಟ್ಟ. ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬರುವುದು, ನನ್ನ ಮನೆಯಲ್ಲಿ ಮುದ್ದೆ ಉಣ್ಣುವುದು, ಕಚೇರಿ ಸುತ್ತುವುದು. ಹೆಸರು ವಾಪಸು ಬಂದರೆ ತಾನು ಮಾರಿಲ್ಲ ಎಂದು ಊರಿಗೆ ಗೊತ್ತಾಗುತ್ತದಂತೆ.

"ಅಕ್ಕಾ, ಇವತ್ತು ಕೆಲಸ ಆಗ್ತೈತೆ," ಅನ್ನುವನು.

"ಆಗ್ತೈತೆ, ನನ್ನ ತಿಥಿ. ಉಣ್ಣು," ಅನ್ನುವವಳು ನಾನು.

ಕಚೇರಿಯವರು ಸರ್ಕಾರವೇ ಈಗ ಪಂಚಾಯ್ತಿಗಳಿಗೆ ಹೊಸ ಹೆಸರು ಕೊಡುತ್ತದೆ, ಹಳೇದು ಮರೆತುಬಿಡಿ ಎಂದರು. ಹೊಸ ಅಧ್ಯಕ್ಷ ಇನ್ನೂ ಜಾಣ. ಅದು ಪಂಚಾಯ್ತಿಯದ್ದೇ ಅಲ್ಲವಲ್ಲ, ಕಳಕೊಂಡವನು ದೇವರು, ದೂರು ಅವನೇ ಕೊಡಲಿ ಎಂದ. ಕೊನೆಗೆ ಕಂಪ್ಯೂಟರ್ ಅಂಗಡಿಯವನು, ಇಂಥ ಜಗಳಕ್ಕೇ ನ್ಯಾಯ ಹೇಳುವ ಮಧ್ಯಸ್ಥರಿದ್ದಾರೆ ಎಂದು ತಿಳಿಸಿದ. ಅವರು ಎಲ್ಲೋ ದೂರದ ಊರಲ್ಲಿ ಕೂತಿರುತ್ತಾರಂತೆ, ಮುಖ ತೋರಿಸುವುದಿಲ್ಲವಂತೆ. ಹೆಸರಿನ ಮೇಲೆ ನಿನಗೆ ಹಕ್ಕಿದೆ, ಎತ್ತಿಕೊಂಡವನದು ಕೆಟ್ಟ ಬುದ್ಧಿ, ಇವೆರಡನ್ನೂ ತೋರಿಸಬೇಕು. ಕೆಟ್ಟ ಬುದ್ಧಿಗೆ ಸಾಕ್ಷಿ ಬೇಕೇ? ಪರದೆ ತುಂಬ ಗುಲಾಮ ಕುಣಿಯುತ್ತಿದ್ದಾನೆ! ಆದರೆ ಹಕ್ಕು ಯಾರದು? ದೇವರದು. ಹಾಗಾದರೆ ದೇವರ ಗುರುತಿನ ಚೀಟಿ ತನ್ನಿ ಎಂದ ಅಂಗಡಿಯವನು.

ಇವನು ಆಧಾರ್ ಕೇಂದ್ರಕ್ಕೆ ಹೊರಟ. ಯಾರಾದರೂ ಹೊಡೆದಾರು ಎಂದು ನಾನೂ ಹೋದೆ. ಕಂಪ್ಯೂಟರ್ ಮುಂದಿನ ಹುಡುಗಿ ಯಾರಿಗೆ ಮಾಡಿಸಬೇಕು ತಾತ ಎಂದು ಕೇಳಿದಳು. ದೇವರಿಗೆ ಎಂದ. ಹುಡುಗಿ ಒಳ್ಳೆಯವಳು, ನಗಲಿಲ್ಲ.

"ಕರ್ಕಂಡು ಬಂದಿದೀರಾ?"

"ಪೆಟ್ಟಿಗೇಲಿ ಅವ್ನೆ ಕಣಮ್ಮ. ವರ್ಷಕ್ಕೊಂದು ಸಲ ಹೊರಗೆ ತೆಗೀತೀವಿ."

"ಹಂಗಾದ್ರೆ ಬೆರಳಚ್ಚು, ಕಣ್ಣು?"

ಇವನು ನನ್ನ ಮುಖ ನೋಡಿದ. ದೇವರ ಬೆರಳನ್ನು ನಾನು ಎಣಿಸಿದ್ದೀನಾ? ರಟ್ಟೆ ಹಿಡಿದು ಎಳಕೊಂಡು ಬಂದೆ.

ಆಮೇಲೆ ಜೂಜಿನವನನ್ನೇ ಕರೆದು ಕಟ್ಟೆ ಮೇಲೆ ಕೂರಿಸಿ ಬಗೆಹರಿಸುತ್ತೇನೆ ಎಂದ. ಆ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನು ಹಚ್ಚಿದ. ಒಂದು ಹೆಂಗಸು ಹಿಂದಿಯಲ್ಲಿ ಮಾತಾಡಿದಳು. ಇವನು ಕನ್ನಡದಲ್ಲಿ ಹೇಳಿದ, ತೆಲುಗಿನಲ್ಲಿ ಹೇಳಿದ, ತಾಯಿ ಎಂದ. ಆಕೆ ಹೇಳಿದ್ದನ್ನೇ ಹೇಳಿದಳು. ಅದು ಮಿಷನ್ನು ಕಣೋ ಎಂದೆ. ಇರಲಿ ಅಕ್ಕಾ, ಮರ್ಯಾದೆಯಾಗಿ ಮಾತಾಡ್ತಾಳೆ ಎಂದ. ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಮೇಲ್ ಕಳಿಸಿದ: ಎಲೆ ಅಡಿಕೆ ಇಟ್ಟು ಕರೆಯುತ್ತಿದ್ದೇವೆ, ಬನ್ನಿ, ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿಗೆ ನಾನೇ ಬಂದು ಕರಕೊಂಡು ಹೋಗುತ್ತೇನೆ. ಕ್ಷಣದಲ್ಲಿ ಉತ್ತರ ಬಂತು! ಅಂಗಡಿಯವನು ಓದಿ ಹೇಳಿದ: ಅಭಿನಂದನೆ, ತಾವು ನಮ್ಮ ಇಸ್ಪೀಟು ಆಟದ ಸದಸ್ಯರಾಗಿದ್ದೀರಿ.

ಊರಿನ ಹೆಸರು ಬಿಡಿಸಲು ಹೋದವನು ತಾನೂ ಅದರೊಳಗೆ ಸೇರಿಕೊಂಡ!

ಅಷ್ಟಕ್ಕೇ ಬಿಡಲಿಲ್ಲ. ಯಾರ್ಯಾರದೋ ಕಾಲು ಹಿಡಿದು ಇಂಗ್ಲಿಷಿನಲ್ಲಿ ದೂರು ಬರೆಸಿ ಆ ಮಧ್ಯಸ್ಥರಿಗೆ ಕಳಿಸಿದ. ತೀರ್ಪು ಬಂತು. ದೂರು ಕೊಟ್ಟವನಿಗೆ ಆ ಹೆಸರಿನ ಮೇಲೆ ಹಕ್ಕಿಲ್ಲ, ತಳ್ಳಿಹಾಕಿದ್ದೇವೆ. ಮುಗೀತು. ಇವತ್ತಿಗೂ ನಮ್ಮೂರನ್ನು ಒತ್ತಿದರೆ ಗುಲಾಮನೇ ಬರುವುದು. ನಾಳೆಯೂ ಅವನೇ.

ತೀರ್ಪು ಬಂದ ದಿನ ತಮ್ಮ ಮುದ್ದೆ ಮುಟ್ಟಲಿಲ್ಲ. ನಾನು ಬಯ್ದೆ. ನಮ್ಮಲ್ಲಿ ಆಣೆ ಇಲ್ಲವಾ? ಕದ್ದೆ ಅಂದರೂ ಮಾರಿದೆ ಅಂದರೂ, ದೇವರ ಭಂಡಾರದ ಅರಿಶಿನ ಮುಟ್ಟಿ ಇಲ್ಲ ಅಂದರೆ ಆ ಜಗಳ ಅಲ್ಲಿಗೆ ಕಡಿಯಿತು, ಮತ್ತೆ ಯಾರೂ ಅದನ್ನು ಎತ್ತುವ ಹಾಗಿಲ್ಲ. ಹೋಗಿ ಮುಟ್ಟು ಎಂದೆ.

"ಆಗಲ್ಲ ಅಕ್ಕಾ," ಅಂದ. "ಮಾರಿಲ್ಲ, ನಿಜ. ಆದ್ರೆ ದೇವರ ಹೆಸರಿಗೆ ಬಿಟ್ಟಿದ್ನ ನಾನೇ ಕಳೆದೆ. ಯಾವ ಮುಖ ಇಟ್ಕಂಡು ಅವನನ್ನೇ ಸಾಕ್ಷಿ ಕರೀಲಿ?"

ಇಂಥ ದಡ್ಡನನ್ನು ಏನು ಮಾಡುತ್ತೀರಿ?

ಮಾರನೇ ದಿನ ಅವನ ಜೊತೆ ತವರಿಗೆ ಬಸ್ಸು ಹತ್ತಿದೆ. ಅವನನ್ನು ಗುಡಿಯ ಹೊರಗೇ ಬಿಟ್ಟು ನಾನು ಒಳಗೆ ಹೋದೆ. ಕಟ್ಟೆಯವರನ್ನೆಲ್ಲ ಕರೆಸಿದೆ, ಮಾರ್ಕಂಡವ್ನೆ ಎಂದವನನ್ನೂ. ಭಂಡಾರ ಕೊಡು ಎಂದೆ. ಪೂಜಾರಿ ಹಿಂದೆಮುಂದೆ ನೋಡಿದ. ಕೊಟ್ಟ ಹೆಣ್ಣು ಊರಿನವಳಲ್ಲ, ಆಣೆ ನಡೆಯಲ್ಲ ಎಂದ.

"ನಡೀದಿದ್ರೆ ಹೋಗ್ಲಿ, ತಟ್ಟೋದಂತೂ ನನಗೇ ತಾನೆ?" ಅಂದೆ. ತಟ್ಟೆಗೆ ಕೈ ಹಾಕಿದೆ. "ನನ್ನ ತಮ್ಮ ಮಾರಿಲ್ಲ. ಮಾರಿದ್ರೆ ನನ್ನ ಕಣ್ಣು ಇಂಗಿ ಹೋಗ್ಲಿ."

ಕಟ್ಟೆಯವರು ನಂಬಿದರೋ ಬಿಟ್ಟರೋ, ನಾನು ಕೇಳಲು ಹೋಗಲಿಲ್ಲ. ಹೊರಗೆ ಬಂದಾಗ ಅವನು ನನ್ನ ಕೈಯ ಅರಿಶಿನ ನೋಡಿದ. ಬಸ್ಸಿಗೆ ಹೊತ್ತಾಯಿತು ಎಂದು ಹೊಲದ ಕಾಲುದಾರಿ ಹಿಡಿದೆವು. ಅವನು ಮುಂದೆ, ನಾನು ಹಿಂದೆ. ದಾರಿ ತುಂಬ ಜಾಲಿ ಮುಳ್ಳು. ಒಂದೊಂದನ್ನೇ ಬಗ್ಗಿ ಎತ್ತಿ ಬೇಲಿಯಾಚೆ ಎಸೆಯುತ್ತಾ, ನನ್ನ ಕಾಲಿಗೆ ದಾರಿ ಮಾಡುತ್ತಾ ನಡೆದ.

ನಾನು ಚಪ್ಪಲಿ ಮೆಟ್ಟಿದ್ದೆ. ಹೇಳಲಿಲ್ಲ.